ಅಭಿಮಾನಿ ವಾಗ್ವಾದ: ವೈಜ್ಞಾನಿಕ ಚಿತ್ರಗಳು

ಎರಡು ವೈಜ್ಞಾನಿಕ ಕಲ್ಪನೆಯ ಚಿತ್ರಗಳಲ್ಲಿ ಅಥವಾ ಸರಣಿಗಳಲ್ಲಿ ಯಾವುದು ಮೇಲು ಎಂದು ಅಭಿಮಾನಿಗಳು ಹೂಡುವ ವಾದ. 1966ರಲ್ಲಿ ಅಮೆರಿಕದ ಕಿರುತೆರೆಗೆ ಬಂದ ‘ಸ್ಟಾರ್ ಟ್ರೆಕ್’ ಮತ್ತು 1977ರ ‘ಸ್ಟಾರ್ ವಾರ್ಸ್’ ಪಕ್ಷಗಳ ಜಗಳ ಇದರ ಹೆಸರಾಂತ ಮಾದರಿ.

ಕನ್ನಡದಲ್ಲಿ ಅಂಥ ದೀರ್ಘ ಸರಣಿಗಳಿಲ್ಲ. ವಾದ ಬಿಡಿಚಿತ್ರಗಳ, ನಿಜ ಹೇಳಬೇಕೆಂದರೆ ನಾಯಕನಟರ, ಸುತ್ತ ತಿರುಗುತ್ತದೆ. ಮುಖ್ಯ ವಸ್ತು ದಿನೇಶ್ ಬಾಬು ನಿರ್ದೇಶನದ, ಉಪೇಂದ್ರ ಅಭಿನಯದ ‘ಹಾಲಿವುಡ್’ (2002) ಮತ್ತು ಶಂಕರ್ ನಿರ್ದೇಶನದ, ರಜನಿಕಾಂತ್ ಅಭಿನಯದ ತಮಿಳಿನ ‘ಎಂದಿರನ್’ (2010). ಎರಡರಲ್ಲೂ ಯಂತ್ರಮಾನವ ಪ್ರೇಮಕ್ಕೆ ಸಿಲುಕುತ್ತಾನೆ. ‘ನಮ್ಮವರೇ ಮೊದಲು’ ಎಂಬುದು ಕನ್ನಡದ ಪಕ್ಷ. ಆದರೆ ಶಂಕರ್ ತಮ್ಮ ಯೋಜನೆಯನ್ನು ಕಮಲ್ ಹಾಸನ್ ಅವರೊಂದಿಗೆ ಮೊದಲೇ ಆರಂಭಿಸಿ ಕೈಬಿಟ್ಟಿದ್ದರು. ಹಾಗಾಗಿ ಬಿಡುಗಡೆಯ ಲೆಕ್ಕದಲ್ಲಿ ಕನ್ನಡ ಮುಂದೆ, ಆಲೋಚನೆಯ ಲೆಕ್ಕ ಅಷ್ಟು ಸಲೀಸಲ್ಲ. ತಾಂತ್ರಿಕ ವೈಭವದಲ್ಲಿ ‘ಎಂದಿರನ್’ ಬಹಳ ಮುಂದಿದೆ. ಬಂಡವಾಳದ ಅಂತರ ನೋಡಿದರೆ ಆ ಹೋಲಿಕೆಯೇ ನ್ಯಾಯವಲ್ಲ.

ದಾವಣಗೆರೆಯಲ್ಲಿ ಇಂಥ ಮಾತಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಜೊತೆಗಿದ್ದರೆ ಸಾಕು, ಹೊತ್ತು ಹೋದದ್ದು ತಿಳಿಯದು. ಪಕ್ಕದ ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅಲ್ಲಿ ಅರ್ಧ ಶಿವ, ಅರ್ಧ ವಿಷ್ಣು, ಮೂರ್ತಿ ಒಂದೇ. ಚಿತ್ರಾಭಿಮಾನಿಗಳು ಈ ಜಾಣ್ಮೆಯನ್ನು ಇನ್ನೂ ಕಲಿತಿಲ್ಲ. ಉಪೇಂದ್ರ ನಿರ್ದೇಶಿಸಿ ನಟಿಸಿದ ‘ಯುಐ’ 2024ರ ಡಿಸೆಂಬರ್‌ನಲ್ಲಿ ತೆರೆಕಂಡ ಮೇಲೆ ಹಳೆಯ ವಾದಕ್ಕೆ ಹೊಸ ಸೌದೆ ಬಿತ್ತು.