ಒಂದೇ ಸಂವತ್ಸರ, ಎರಡು ಹೊಸ ವರ್ಷ: ಕೊಯಮತ್ತೂರು, ತಿರುಪ್ಪೂರಿನ ಕನ್ನಡ ಮನೆಗಳ ಹಬ್ಬ, ಊಟ, ಪೇಟೆ

2026ರ ಕ್ಯಾಲೆಂಡರ್ ತೆಗೆದು ನೋಡಿ. ಮಾರ್ಚ್ 19ರ ಗುರುವಾರ ಯುಗಾದಿ, ಪರಾಭವ ಸಂವತ್ಸರದ ಮೊದಲ ದಿನ. ಏಪ್ರಿಲ್ 14ರ ಮಂಗಳವಾರ ಚಿತ್ತಿರೈ ತಿಂಗಳ ಮೊದಲ ದಿನ, ಅಂದೂ ಪರಾಭವ ಸಂವತ್ಸರವೇ ಶುರು! ಒಂದೇ ಹೆಸರಿನ ವರ್ಷ ಇಪ್ಪತ್ತಾರು ದಿನದ ಅಂತರದಲ್ಲಿ ಎರಡು ಸಲ ಹುಟ್ಟುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಸಾವಿರಾರು ಸಂಸಾರಗಳಿಗೆ ಇದು ಹೊಸದೇನಲ್ಲ. ಮೊದಲನೆಯದು ಮನೆಯ ಹಬ್ಬ, ಎರಡನೆಯದು ಊರಿನ ಹಬ್ಬ. ಎರಡಕ್ಕೂ ಒಲೆ ಹಚ್ಚಬೇಕು, ಎರಡಕ್ಕೂ ಪೇಟೆಗೆ ಹೋಗಬೇಕು.

ಎರಡು ಲೆಕ್ಕ, ಒಂದು ಹೆಸರು

ಯುಗಾದಿ ಚಂದ್ರನ ಲೆಕ್ಕ. ಫಾಲ್ಗುಣದ ಅಮಾವಾಸ್ಯೆ ಮುಗಿದು ಚೈತ್ರ ಶುದ್ಧ ಪಾಡ್ಯ ಬಂದ ದಿನ ಹಬ್ಬ. ಹಾಗಾಗಿ ತಾರೀಖು ಪ್ರತಿವರ್ಷ ಹಿಂದೆ ಮುಂದೆ ಓಡಾಡುತ್ತದೆ. 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ತಮಿಳು ವರುಷ ಸೂರ್ಯನ ಲೆಕ್ಕ. ಸೂರ್ಯ ಮೇಷ ರಾಶಿಗೆ ಕಾಲಿಟ್ಟಾಗ ಚಿತ್ತಿರೈ ಹುಟ್ಟುತ್ತದೆ, ಆದ್ದರಿಂದ ಅದು ಏಪ್ರಿಲ್ 14ರ ಸುಮಾರಿಗೇ ನಿಂತಿದೆ. ಆದರೆ ಪ್ರಭವ, ವಿಭವ ಎಂದು ಸಾಗುವ ಅರವತ್ತು ಸಂವತ್ಸರದ ಹೆಸರುಗಳು ಇಬ್ಬರಿಗೂ ಒಂದೇ. ಅಜ್ಜಿ ಹೇಳುವ ವರ್ಷದ ಹೆಸರೂ ಪಕ್ಕದ ಮನೆಯ ತಮಿಳು ಪಂಚಾಂಗದ ಹೆಸರೂ ತಾಳೆಯಾಗುವುದು ಇದರಿಂದಲೇ.

ನಡುವೆ ಸರ್ಕಾರವೂ ಒಮ್ಮೆ ಕೈಯಾಡಿಸಿತ್ತು. 2008ರಲ್ಲಿ ತಮಿಳುನಾಡು ಸರ್ಕಾರ ಕಾನೂನು ಮಾಡಿ, ತೈ ತಿಂಗಳ ಮೊದಲ ದಿನ ಅಂದರೆ ಪೊಂಗಲ್ ದಿನವೇ ತಮಿಳು ಹೊಸ ವರ್ಷ ಎಂದಿತು. 2011ರಲ್ಲಿ ಆ ಕಾನೂನು ರದ್ದಾಗಿ ಹೊಸ ವರ್ಷ ಚಿತ್ತಿರೈಗೆ ಮರಳಿತು.

ಯಾರ ಮನೆಯ ಹಬ್ಬ?

ಈ ಭಾಗದ ಕನ್ನಡ ಮನೆಗಳಲ್ಲಿ ಮುಖ್ಯವಾಗಿ ಹೇಳಬೇಕಾದವರು ನೇಕಾರ ದೇವಾಂಗರು ಮತ್ತು ಬೇಸಾಯದ ಒಕ್ಕಲಿಗರು. ಸಿರುಮುಗೈ, ನೆಗಮಂ ಕಡೆ ದೇವಾಂಗರ ಮಗ್ಗದ ಸದ್ದು ಇಂದಿಗೂ ಇದೆ. ಅವರ ಕುಲದೇವಿ ಚೌಡೇಶ್ವರಿ, ತಮಿಳಿನ ಬಾಯಲ್ಲಿ ಸೌಡೇಶ್ವರಿ ಅಮ್ಮನ್. ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಈ ಮಗ್ಗಗಳಿಗೆ ಸಂದ ಗೌರವ. ಮೆಟ್ಟುಪಾಳೆಯಂ, ಕಾರಮಡೈ ಕಡೆ ನೀಲಗಿರಿಯಿಂದ ಇಳಿದುಬಂದ ಬಡಗರೂ ಇದ್ದಾರೆ.

ಗಡಿಯ ಊರುಗಳಿಗೂ ಕೊಯಮತ್ತೂರಿಗೂ ಇರುವ ನಂಟು ಹಳೆಯದು. ಈ ಸೀಮೆ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲ 1956ರವರೆಗೂ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೈಸೂರಿಗೆ ಸೇರಿತು. ಕನ್ನಡ ಮಾತಿನ ತಾಳವಾಡಿ ಮದರಾಸಿನ ಕಡೆಯೇ ಉಳಿಯಿತು. 1979ರಲ್ಲಿ ಈರೋಡು ಬೇರೆ ಜಿಲ್ಲೆಯಾದಾಗ ತಾಳವಾಡಿ ಅಲ್ಲಿಗೆ ಹೋಯಿತು. 2009ರಲ್ಲಿ ಕೊಯಮತ್ತೂರು, ಈರೋಡು ಎರಡರಿಂದಲೂ ಊರುಗಳನ್ನು ತೆಗೆದು ತಿರುಪ್ಪೂರು ಜಿಲ್ಲೆ ಮಾಡಿದರು. ಕಾಗದದ ಮೇಲೆ ಗೆರೆ ಎಷ್ಟು ಸಲ ಬದಲಾದರೂ ಹಬ್ಬದ ಸಾಮಾನಿಗೆ ಜನ ಹೋಗುವ ದಾರಿ ಬದಲಾಗಲಿಲ್ಲ.

ಯುಗಾದಿಯ ಎಲೆ

ಬೆಳಿಗ್ಗೆ ಎಣ್ಣೆ ಸ್ನಾನ, ಬಾಗಿಲಿಗೆ ಮಾವಿನ ತೋರಣ, ದೇವರ ಮುಂದೆ ಹೊಸ ಬಟ್ಟೆ. ಆಮೇಲೆ ಬೇವು ಬೆಲ್ಲ. ಬೇವು ಹೂ ಬಿಡುವ ಕಾಲವೇ ಇದಾದ್ದರಿಂದ ಹೂವಿಗೆ ಬರವಿಲ್ಲ. ಮಕ್ಕಳು ಬೆಲ್ಲ ಆರಿಸಿ ತಿಂದು ಬೇವು ಉಗಿಯುವುದು ಎಲ್ಲ ಕಡೆಯಂತೆ ಇಲ್ಲಿಯೂ ಉಂಟು!

ಮಧ್ಯಾಹ್ನದ ಎಲೆಗೆ ಒಬ್ಬಟ್ಟೇ ದೊರೆ. ತೊಗರಿ ಬೇಳೆ ಬೇಯಿಸಿ, ನೀರು ಬಸಿದು, ಅಷ್ಟೇ ಅಳತೆಯ ಬೆಲ್ಲ, ಏಲಕ್ಕಿ, ತೆಂಗಿನ ತುರಿ ಸೇರಿಸಿ ರುಬ್ಬಿದರೆ ಹೂರಣ. ಅರಿಸಿನ ಹಾಕಿ ನಾದಿ, ಎಣ್ಣೆಯಲ್ಲಿ ನೆನೆಯಲು ಬಿಟ್ಟ ಮೈದಾ ಹಿಟ್ಟು ಕಣಕ. ಬಸಿದ ಕಟ್ಟನ್ನು ಚೆಲ್ಲುವಂತಿಲ್ಲ, ಅದರಿಂದಲೇ ಒಬ್ಬಟ್ಟಿನ ಸಾರು. ಜೊತೆಗೆ ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಪಾಯಸ.

ಇಲ್ಲಿ ಒಂದು ಸ್ವಾರಸ್ಯ ಇದೆ. ತಮಿಳುನಾಡಿನ ಬೇರೆ ಭಾಗಗಳಲ್ಲಿ ಇದೇ ತಿಂಡಿಗೆ 'ಪೋಳಿ' ಎನ್ನುತ್ತಾರೆ. ಕೊಯಮತ್ತೂರು, ತಿರುಪ್ಪೂರು ಇರುವ ಕೊಂಗುನಾಡಿನಲ್ಲಿ ಮಾತ್ರ ತಮಿಳರೂ ಅದನ್ನು 'ಒಪ್ಪುಟ್ಟು' ಎಂದೇ ಕರೆಯುತ್ತಾರೆ. ನಮ್ಮ ಒಬ್ಬಟ್ಟೇ ಅದು. ತವಾ ಇಟ್ಟು ಬಿಸಿ ಬಿಸಿ ತಟ್ಟಿಕೊಡುವ ಅಂಗಡಿಗಳ ಬೋರ್ಡಿನಲ್ಲೂ ಅದೇ ಹೆಸರು. ಬೋರ್ಡಿನ ಅಕ್ಷರ ತಮಿಳು, ತಿಂಡಿಯ ಹೆಸರು ಕನ್ನಡ!

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಓದುಗರಿಗೆ ಯುಗಾದಿ ಎಂದರೆ ಮರುದಿನದ ವರ್ಷದ ತೊಡಕೂ ನೆನಪಾಗುತ್ತದೆ. ಅಂದು ಮಾಂಸದಡುಗೆಯ ದಿನ. ಅದೇ ಆಸೆಯಿಂದ ಕೊಂಗುನಾಡಿಗೆ ಬಂದವರು, ಒಣಮೆಣಸಿನಕಾಯಿ, ಸಾಂಬಾರ್ ಈರುಳ್ಳಿ, ತೆಂಗಿನಕಾಯಿ ಚೂರು ಹಾಕಿ ಹುರಿಯುವ ಪಳ್ಳಿಪಾಳೆಯಂ ಕೋಳಿಯ ರುಚಿ ನೋಡಬಹುದು.

ಚಿತ್ತಿರೈ ಕಣಿ

ಚಿತ್ತಿರೈ ಹಬ್ಬ ಹಿಂದಿನ ರಾತ್ರಿಯೇ ಶುರು. ದೊಡ್ಡ ತಟ್ಟೆಯಲ್ಲಿ ಮಾವು, ಹಲಸು, ಬಾಳೆ, ವೀಳ್ಯದೆಲೆ, ಅಡಿಕೆ, ಹೂವು, ನಾಣ್ಯ, ಮನೆಯಲ್ಲಿದ್ದ ಒಡವೆ ಜೋಡಿಸಿ, ಹಿಂದೆ ಕನ್ನಡಿ ಇಟ್ಟು ಮಲಗುತ್ತಾರೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೆ ಮೊದಲು ನೋಡುವುದು ಅದನ್ನೇ. ಇದಕ್ಕೆ 'ಕಣಿ ಕಾಣುವುದು' ಎನ್ನುತ್ತಾರೆ. ಪಕ್ಕದ ಪಾಲಕ್ಕಾಡಿನ ವಿಷು ಹಬ್ಬದ ಕಣಿಗೂ ಇದಕ್ಕೂ ಹತ್ತಿರದ ನಂಟು. ಮಲಯಾಳಿಗಳೂ ಈ ನಗರದಲ್ಲಿ ತುಂಬ ಇರುವುದರಿಂದ ಅದೇ ವಾರ ಕಕ್ಕೆಯ ಹಳದಿ ಹೂವಿಗೆ ಎಲ್ಲಿಲ್ಲದ ಬೇಡಿಕೆ.

ಅಂದಿನ ಊಟದಲ್ಲಿ ಮಾವಿನಕಾಯಿ, ಬೆಲ್ಲ, ಬೇವಿನ ಹೂ ಹಾಕಿದ ಮಾಂಗಾಯ್ ಪಚ್ಚಡಿ ಇರಲೇಬೇಕು. ಹುರಿದ ಬೇವಿನ ಹೂವಿನ ರಸಂ, ವಡೆ, ಪಾಯಸ ಜೊತೆಗೆ. ಸಿಹಿ, ಕಹಿ ಎರಡನ್ನೂ ಒಟ್ಟಿಗೆ ನುಂಗು ಎಂದು ಬೇವು ಬೆಲ್ಲ ಹೇಳುವುದನ್ನೇ ಈ ಪಚ್ಚಡಿಯೂ ಹೇಳುತ್ತದೆ. ಎರಡೂ ಹಬ್ಬ ಮಾಡುವ ಮನೆಯಲ್ಲಿ ಯುಗಾದಿಗೆ ಕಿತ್ತ ಬೇವಿನ ಹೂವನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಿಟ್ಟರೆ ಚಿತ್ತಿರೈ ರಸಂಗೆ ಅದೇ ಸಾಕು.

ದಿನದ ಊಟ

ಹಬ್ಬ ಮುಗಿದ ಮೇಲೆ ಕೊಂಗುನಾಡಿನ ಊಟ ಬಲು ಸರಳ. 'ಅರಿಸಿ ಪರುಪ್ಪು ಸಾದಂ' ಎಂದರೆ ಅಕ್ಕಿ, ತೊಗರಿ ಬೇಳೆ, ಸಾಂಬಾರ್ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ ಒಂದೇ ಪಾತ್ರೆಯಲ್ಲಿ ಬೇಯಿಸಿದ ಅನ್ನ. ಮೇಲೆ ತುಪ್ಪ, ಪಕ್ಕಕ್ಕೆ ಮೊಸರು. 'ಸಂದಗೈ' ಎನ್ನುವುದು ನಮ್ಮ ಒತ್ತು ಶಾವಿಗೆಯ ಅಣ್ಣತಮ್ಮ, ಅದೂ ಕಾಯಿಹಾಲಿನೊಂದಿಗೆ ಚೆನ್ನ. ರಾಗಿ ಕಳಿ ನಮ್ಮ ಮುದ್ದೆಯೇ. ಹುರುಳಿಗೆ ಇಲ್ಲಿ 'ಕೊಳ್ಳು' ಎಂದು ಹೆಸರು. ಕೊಳ್ಳು ಕೊಳ್ಳುವುದಕ್ಕೆ ಹೋದೆ ಎಂದರೆ ಕನ್ನಡಕ್ಕೂ ಸರಿ, ತಮಿಳಿಗೂ ಸರಿ!

ಪೇಟೆಯ ದಾರಿ

ಬಟ್ಟೆಗೆ ಕೊಯಮತ್ತೂರಿನ ಒಪ್ಪಣಕಾರ ಬೀದಿ, ಗಾಂಧಿಪುರದ ಕ್ರಾಸ್ ಕಟ್ ರೋಡ್. ಚಿನ್ನಕ್ಕೆ ರಾಜ ಬೀದಿ, ದಿನಸಿಗೆ ದೊಡ್ಡ ಪೇಟೆ ಬೀದಿ. ಹೂವಿಗೆ ಮೆಟ್ಟುಪಾಳೆಯಂ ರಸ್ತೆಯ ಹೂ ಮಾರುಕಟ್ಟೆ. ಸತ್ಯಮಂಗಲದ ಮಲ್ಲಿಗೆ ಇಲ್ಲಿಗೂ ಬರುತ್ತದೆ. ಹಬ್ಬದ ಹಿಂದಿನ ದಿನ ಹೂವಿನ ದರ ಗಂಟೆಗೊಂದರಂತೆ ಏರುವುದರಿಂದ ಮುಂಜಾನೆಯೇ ಹೋಗುವುದು ಲೇಸು.

ತಿರುಪ್ಪೂರಿನಲ್ಲಿ ರೈಲು ನಿಲ್ದಾಣದ ಹತ್ತಿರದ ಖಾದರ್‌ಪೇಟೆ ಬನಿಯನ್ ಬಟ್ಟೆಗೆ ಹೆಸರುವಾಸಿ. ರಫ್ತಿಗೆಂದು ಹೊಲಿದು ಉಳಿದ ಮಾಲು ಇಲ್ಲಿ ಅಗ್ಗಕ್ಕೆ ಸಿಗುತ್ತದೆ. ಕೆಲವದರಲ್ಲಿ ಸಣ್ಣಪುಟ್ಟ ದೋಷ ಇರಬಹುದು. ಹೊಲಿಗೆ, ಬಣ್ಣ, ಅಳತೆ ಮೂರನ್ನೂ ಬೆಳಕಿಗೆ ಹಿಡಿದು ನೋಡಿಯೇ ಕಾಸು ಕೊಡಿ. ಬಟ್ಟೆಗೆ ರಿಯಾಯಿತಿ ಬೇಕಿದ್ದರೆ ಹೊಸ ವರ್ಷಕ್ಕಿಂತ ಜುಲೈ-ಆಗಸ್ಟ್‌ನ 'ಆಡಿ ತಳ್ಳುಬಡಿ' ವಾಸಿ. ಅನುಭವಸ್ಥರು ಯುಗಾದಿಯ ಸೀರೆಯನ್ನು ಆಡಿಯಲ್ಲೇ ಕೊಂಡು ಪೆಟ್ಟಿಗೆಗೆ ಹಾಕಿರುತ್ತಾರೆ.

ಒಬ್ಬಟ್ಟಿನ ತುಪ್ಪಕ್ಕೆ ತಿರುಪ್ಪೂರು ಜಿಲ್ಲೆಯ ಊತ್ತುಕುಳಿ, ಬೆಣ್ಣೆ ತುಪ್ಪಕ್ಕೆ ಹೆಸರಾದ ಊರು. ತೆಂಗಿನಕಾಯಿಗೆ ಪೊಳ್ಳಾಚಿ. ಊರಿಗೆ ಹಿಂದಿರುಗುವಾಗ ಕೈಯಲ್ಲಿ ಒಂದು ಸಿಹಿ ಪೊಟ್ಟಣ ಬೇಕಲ್ಲ? ಮೈಸೂರು ಅರಮನೆಯ ಅಡುಗೆಮನೆಯಲ್ಲಿ ಹುಟ್ಟಿದ ಮೈಸೂರು ಪಾಕ್, 1948ರಲ್ಲಿ ಶುರುವಾದ ಕೊಯಮತ್ತೂರಿನ ಶ್ರೀ ಕೃಷ್ಣ ಸ್ವೀಟ್ಸ್‌ನಿಂದ ತುಪ್ಪ ಸುರಿವ ಮೆದು 'ಮೈಸೂರ್ಪಾ' ಆಗಿ ಹೆಸರು ಮಾಡಿತು. ಘಟ್ಟ ಇಳಿದು ಹೋದದ್ದು ಮೆತ್ತಗಾಗಿ ಘಟ್ಟ ಹತ್ತಿ ವಾಪಸು ಬರುತ್ತಿದೆ!

ದನಕರು ಕೊಳ್ಳುವವರಿಗೆ ಪುಂಜೈ ಪುಳಿಯಂಪಟ್ಟಿಯ ಗುರುವಾರದ ಸಂತೆ ದಾರಿಯಲ್ಲೇ ಸಿಗುತ್ತದೆ. ಕಾಂಗೇಯಂ ತಳಿಯ ಎತ್ತು ಬೇಕಿದ್ದರೆ ಚಿತ್ತಿರೈ ತಿಂಗಳಲ್ಲಿ ವೆಳ್ಳಕೋವಿಲ್ ಬಳಿಯ ಕಣ್ಣಪುರಂ ಮಾರಿಯಮ್ಮನ ಜಾತ್ರೆಗೆ ಸೇರುವ ದನಗಳ ಜಾತ್ರೆ ಇದೆ.

ಒಂದು ಎಚ್ಚರಿಕೆ. ಚಾಮರಾಜನಗರ, ತಾಳವಾಡಿ ಕಡೆಯವರು 27 ತಿರುವುಗಳ ದಿಂಬಂ ಘಾಟಿ ಹತ್ತಿಯೇ ಮನೆ ಸೇರಬೇಕು. ಸತ್ಯಮಂಗಲ ಹುಲಿ ರಕ್ಷಿತಾರಣ್ಯದ ಈ ರಸ್ತೆಯಲ್ಲಿ 2022ರಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿದೆ. ಹೊರಡುವ ಮೊದಲು ಸಮಯ ವಿಚಾರಿಸಿಕೊಳ್ಳಿ, ಹೊತ್ತು ಮುಳುಗುವ ಮೊದಲೇ ಘಾಟಿ ದಾಟುವಂತೆ ಖರೀದಿ ಮುಗಿಸಿ.

ರಜೆ ಯಾರಿಗೆ?

ತಮಿಳುನಾಡು ಸರ್ಕಾರದ ರಜೆ ಪಟ್ಟಿಯಲ್ಲಿ ಯುಗಾದಿ ಇದೆ, ಆದರೆ 'ತೆಲುಗು ವರುಷ ಪಿರಪ್ಪು' ಎಂಬ ಹೆಸರಿನಲ್ಲಿ. ಕನ್ನಡದ ಹೆಸರಿಲ್ಲದಿದ್ದರೂ ಶಾಲೆ, ಕಚೇರಿಗಳಿಗೆ ಬಿಡುವಂತೂ ಸಿಗುತ್ತದೆ. ಗಿರಣಿ, ಬನಿಯನ್ ಕಾರ್ಖಾನೆಗಳ ಲೆಕ್ಕ ಬೇರೆ. 1958ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಂತೆ ಕಾರ್ಖಾನೆ ಕೊಡಲೇಬೇಕಾದದ್ದು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ಐದು ಹಬ್ಬದ ರಜೆ. ಪೊಂಗಲ್, ದೀಪಾವಳಿ, ಆಯುಧಪೂಜೆ ಎಂದು ಎಣಿಸುತ್ತ ಬಂದರೆ ಐದು ಬೇಗ ತುಂಬಿಬಿಡುತ್ತದೆ. ಯುಗಾದಿ ಅದರಲ್ಲಿ ಸೇರದ ಕಡೆ ಕನ್ನಡ ಮನೆಯ ಹೆಣ್ಣುಮಕ್ಕಳು ನಸುಕಿಗೇ ಎದ್ದು ಒಬ್ಬಟ್ಟು ತಟ್ಟಿಟ್ಟು ಪಾಳಿಗೆ ಹೋಗಬೇಕು, ಇಲ್ಲವೇ ಆ ದಿನದ ಕೂಲಿ ಬಿಡಬೇಕು. ಹೀಗಾಗಿ ಹಲವು ಮನೆಗಳಲ್ಲಿ ಯುಗಾದಿ ಬೇವು ಬೆಲ್ಲಕ್ಕೆ ಮುಗಿದು, ಒಬ್ಬಟ್ಟು ಮುಂದಿನ ಭಾನುವಾರಕ್ಕೆ ಹೋಗುತ್ತದೆ. ಊರಿಗೆಲ್ಲ ಬಿಡುವಿರುವ ಚಿತ್ತಿರೈ ದಿನವೇ ಎರಡು ಹಬ್ಬದ ಅಡುಗೆಯನ್ನೂ ಸೇರಿಸಿ ಮುಗಿಸುವವರೂ ಇದ್ದಾರೆ.

ಇದು ಅಡುಗೆಯ ಹೊಂದಾಣಿಕೆ ಮಾತ್ರವೇ? ಅಲ್ಲ. ಈ ಮನೆಗಳ ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು ಮತ್ತು ಇಂಗ್ಲಿಷ್. ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಸಾಮಾನಿನ ಚೀಟಿಯಲ್ಲೂ ಮಾತು ಕನ್ನಡದ್ದು, ಅಕ್ಷರ ತಮಿಳಿನದು. ಹೂರಣ, ಕಣಕ, ಕಟ್ಟು, ಕೋಸಂಬರಿ, ತೋರಣ, ಪಾಡ್ಯ ಮುಂತಾದ ಮಾತುಗಳು ಮಕ್ಕಳ ಕಿವಿಗೆ ಬೀಳುವುದು ಪುಸ್ತಕದಿಂದಲ್ಲ, ಈ ಒಂದು ದಿನದ ಅಡುಗೆಮನೆಯಿಂದ. ಹಬ್ಬ ಒಂದು ವರ್ಷ ತಪ್ಪಿದರೆ ಅಷ್ಟು ಮಾತುಗಳೂ ಒಂದು ವರ್ಷ ಮೌನ.

ಅದಕ್ಕೆ ಉಪಾಯವೂ ಮನೆಯಲ್ಲೇ ಇದೆ. ಈ ಸಲ ದಿನಸಿಯ ಚೀಟಿಯನ್ನು ಒಂದು ಬದಿಗೆ ತಮಿಳಿನಲ್ಲಿ, ಇನ್ನೊಂದು ಬದಿಗೆ ಕನ್ನಡದಲ್ಲಿ ಮಕ್ಕಳ ಕೈಯಿಂದಲೇ ಬರೆಸಿ. ತೊಗರಿ ಬೇಳೆಗೆ ತುವರಂ ಪರುಪ್ಪು, ಬೆಲ್ಲಕ್ಕೆ ವೆಲ್ಲಂ, ಬೇವಿನ ಹೂವಿಗೆ ವೇಪ್ಪಂ ಪೂ. ಹತ್ತು ಸಾಮಾನು ಬರೆಯುವಷ್ಟರಲ್ಲಿ ಅರ್ಧ ಅಕ್ಷರಮಾಲೆ ಬಂದಿರುತ್ತದೆ. ಕನ್ನಡ ಬರೆಯಬಲ್ಲ ಗಡಿಯ ಊರಿನ ನೆಂಟರು ಹಬ್ಬಕ್ಕೆ ಬಂದರಂತೂ ಇನ್ನೂ ಸುಲಭ. ಒಬ್ಬಟ್ಟಿನ ಋಣ ಅವರೂ ಹೀಗೆ ತೀರಿಸಬಹುದು.