ಎಲ್ಲಮ್ಮನ ಗುಡ್ಡದ ಬಸ್ಸು ಮತ್ತು ಕಂಡಕ್ಟರನ ಸಿಟ್ಟು

ಪ್ರವಾಸೋದ್ಯಮ ಅಂದ್ರೆ ಹೋಟೆಲ್ಲು, ಗೈಡು ನೆನಪಾಗ್ತಾರೆ. ನಮ್ಮ ಸವದತ್ತಿ ಕಡೆ ಯಾತ್ರಿಕರಿಗೆ ಮೊದಲು ಎದುರಾಗೋ ಮುಖ ಬಸ್ ಕಂಡಕ್ಟರಂದು.

ಹೋದ ಬನದ ಹುಣ್ಣಿಮೆಗೆ ಚಚಡಿಯಿಂದ ಹೊರಟು ಗುಡ್ಡದ ಬಸ್ಸು ಹಿಡಿದಿದ್ದೆ. ಹತ್ತಿದೆ ಅನ್ನೋದಕ್ಕಿಂತ ಮಂದಿ ನನ್ನ ಒಳಗೆ ದಬ್ಬಿದ್ರು. "ಯಾಕ್ರಿ ಇಷ್ಟು ತಡಾ?" "ಇಲ್ಯಾಕ ನಿಲ್ಲಸಲಿಲ್ಲ?" ಎಲ್ಲಾ ಬೈಗಳ ಒಬ್ಬನಿಗೇ. ಆತ ಮಾತ್ರ "ಒಳಗ ಸರೀರಿ ಅಕ್ಕಾರ" ಅನ್ನೋದು ಬಿಡಲಿಲ್ಲ. ಗುಡ್ಡದಾಗ ಚಹಾ ಕುಡಿಯುವಾಗ ಕೇಳಿದೆ, "ಸಿಟ್ಟು ಬರೂದಿಲ್ಲೇನ್ರಿ ನಿಮಗ?"

"ಬರತೈತ್ರಿ. ಮನೀಗಿ ಹೋದಮ್ಯಾಲೆ ಬರತೈತಿ."

ಅಜ್ಜ-ಅಜ್ಜಿಯರ ಕಾಲದಲ್ಲಿ ಗುಡ್ಡಕ್ಕೆ ಚಕ್ಕಡಿಯಲ್ಲಿ ಹೋಗ್ತಿದ್ರು. ಎತ್ತು ದಣಿದ್ರೆ ಕೊಳ್ಳು ಹರಿದು, ಬುತ್ತಿ ಬಿಚ್ಚಿ ಉಂಡು ಮುಂದೆ ಹೋಗೋದು. ತಡವಾದ್ರೆ ಬೈಯೋಕೆ ಸಮವಸ್ತ್ರದವರು ಯಾರೂ ಇರಲಿಲ್ಲ. ಆಮೇಲೆ ಸರ್ಕಾರಿ ಬಸ್ಸು ಬಂತು. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಲ್ಲಿ 1948ರ ಜೂನ್ 1ಕ್ಕೆ ಪುಣೆ-ಅಹಮದನಗರ ನಡುವೆ ಮೊದಲ ಸರ್ಕಾರಿ ಬಸ್ಸು ಓಡಿತು. 1956ಕ್ಕೆ ನಾವು ಮೈಸೂರು ರಾಜ್ಯ ಸೇರಿದೆವು, 1997ಕ್ಕೆ ಹುಬ್ಬಳ್ಳಿಗೆ ಬೇರೆ ನಿಗಮವೇ ಬಂತು. ಬಸ್ಸಿನ ಮೇಲಿನ ಹೆಸರು ಬದಲಾಯ್ತು. ಬಾಗಿಲಲ್ಲಿ ನಿಂತವನಿಗೆ ಬೀಳೋ ಬೈಗಳ ಅವೇ.

ಲಂಡನ್ನಿನ ಬಸ್ ಕಂಡಕ್ಟರ್‌ಗಳದ್ದು ಪ್ರಸಿದ್ಧ ಕಥೆ. ಕೂತೇ ಇರೋ ಡ್ರೈವರ್‌ಗಳಿಗಿಂತ ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿಳಿಯೋ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಅಂತ ಜೆರ್ರಿ ಮಾರಿಸ್ 1953ರಲ್ಲಿ ತೋರಿಸಿದ್ರು. ಅದು ಕಾಲಿನ ದುಡಿಮೆಯ ಲೆಕ್ಕ. ನುಂಗಿಕೊಂಡ ಸಿಟ್ಟೂ ದುಡಿಮೆನೇ ಅಂತ ಹೇಳಿದ್ದು ಅಮೆರಿಕದ ಆರ್ಲೀ ಹಾಕ್‌ಶೀಲ್ಡ್, 1983ರ ಪುಸ್ತಕದಲ್ಲಿ. ವಿಮಾನದ ಗಗನಸಖಿಯರಿಗೆ, ಇದು ನಿಮ್ಮ ಮನೆ, ಪ್ರಯಾಣಿಕರು ಅತಿಥಿಗಳು ಅಂದ್ಕೊಳ್ಳಿ ಅಂತ ತರಬೇತಿ ಕೊಡ್ತಿದ್ರಂತೆ. ನಗು ಸಂಬಳದೊಳಗೇ ಸೇರಿತ್ತು. ನಮ್ಮ ಕಂಡಕ್ಟರಿಗೆ ಅತಿಥಿಗಳು ನೂರು ಮಂದಿ, ಕೂಡೋಕೆ ಸೀಟು ಐವತ್ತು!

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಣ್ಮಕ್ಕಳು ಯಾರ ಹತ್ತಿರವೂ ದುಡ್ಡು ಕೇಳದೆ ಗುಡ್ಡಕ್ಕೆ ಹೊಂಟರು, ನನಗದು ಖುಷಿಯೇ. ಆದ್ರೆ ಆ ಗದ್ದಲದಲ್ಲೂ ಒಬ್ಬೊಬ್ಬರ ಗುರುತಿನ ಚೀಟಿ ನೋಡಿ ಶೂನ್ಯ ಟಿಕೆಟ್ ಹರಿದು ಕೊಡೋನು ಅವನೇ.

"ಮತ್ತ ಹ್ಯಾಂಗ ತಡಕೋತೀರಿ?" ಅಂದೆ. ಡಿಪೋದಾಗ ಸಂಜೀಕ ಕೂಡಿದಾಗ, ಯಾರಿಗೆ ಎಂಥಾ ಬೈಗಳ ಬಿತ್ತು ಅಂತ ಒಬ್ಬರಿಗೊಬ್ಬರು ಹೇಳ್ಕೊಂಡು ನಗ್ತಾರಂತೆ. "ಬಸ್ಸಿನಾಗ ಉಧೋ ಉಧೋ ಅಂದಾಗ ನಾನೂ ಜೋರ್ ಒದರತೇನ್ರಿ. ಆಗ ಯಾರೂ ಏನೂ ಅನ್ನೂದಿಲ್ಲ."

ಚಹಾ ಅರ್ಧಕ್ಕೇ ಇಟ್ಟು ಸೀಟಿ ಊದಿದ. ಬಸ್ಸು ಆಗಲೇ ತುಂಬಿತ್ತು.