ಮನೆ ಪಾಲಾದರೂ ಚೌತಿ ಒಂದೇ

ಭಾದ್ರಪದ ಶುದ್ಧ ತದಿಗೆಯ ಬೆಳಗಿನಲ್ಲಿ ಕುಮಟಾ, ಹೊನ್ನಾವರ, ಭಟ್ಕಳದ ಯಾವ ರೈಲು ನಿಲ್ದಾಣಕ್ಕೆ ಹೋದರೂ ಒಂದೇ ನೋಟ. ಮುಂಬೈ ಕಡೆಯಿಂದ ಬಂದ ಗಾಡಿ ನಿಂತ ಕೂಡಲೇ ಚೀಲ, ಮಕ್ಕಳು, ಮಿಠಾಯಿ ಪೊಟ್ಟಣಗಳೊಂದಿಗೆ ಜನ ಇಳಿಯುತ್ತಾರೆ. ಹೊರಗೆ ಸುರಿಯುವ ಮಳೆ, ಕಾದು ನಿಂತ ರಿಕ್ಷಾಗಳು. ಇಳಿದವರಲ್ಲಿ ಬಹಳ ಮಂದಿಗೆ ಪೇಟೆಯಲ್ಲಿ ಕೆಲಸವಿಲ್ಲ. ಅವರು ಹೋಗುವುದು ಗದ್ದೆಯ ಅಂಚಿನಲ್ಲೋ ಹೊಳೆಯ ದಂಡೆಯಲ್ಲೋ ಇರುವ ಒಂದು ಹಳೆಯ ಮನೆಗೆ. ಆ ಮನೆಯ ಬಾಗಿಲು ವರ್ಷದ ಹೆಚ್ಚು ದಿನ ಮುಚ್ಚಿಯೇ ಇರುತ್ತದೆ. ಚೌತಿ ಬಂದಾಗ ಮಾತ್ರ ಅದರ ಜಗಲಿಯಲ್ಲಿ ಮೂವತ್ತು ನಲವತ್ತು ಜನ ಸಾಲಾಗಿ ಊಟಕ್ಕೆ ಕೂರುತ್ತಾರೆ.

ಇದೇ ಮೂಲಮನೆ. ಅಣ್ಣತಮ್ಮಂದಿರು ಬೇರೆಯಾಗಿ, ಗದ್ದೆ ತೋಟ ಹಿಸ್ಸೆಯಾಗಿ, ಒಲೆ ನಾಲ್ಕಾಗಿ, ಮಕ್ಕಳು ಊರು ಬಿಟ್ಟ ಮೇಲೂ ಗಣಪತಿ ಕೂರುವುದು ಇಲ್ಲಿಯೇ. ಎಲ್ಲವನ್ನೂ ಪಾಲು ಮಾಡಿಕೊಂಡವರು ಇದೊಂದನ್ನು ಏಕೆ ಪಾಲು ಮಾಡಿಕೊಳ್ಳಲಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಕರಾವಳಿಯ ಎರಡು ಶತಮಾನಗಳ ಚರಿತ್ರೆಯೇ ಎದುರಿಗೆ ಬರುತ್ತದೆ.

ಸೋಗೆಯ ಸೂರು, ಮರದ ಮಣೆ

ಮೂಲಮನೆ ಎಂದಾಕ್ಷಣ ದೊಡ್ಡ ತೊಟ್ಟಿಮನೆಯನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಮಣ್ಣಿನ ಇಲ್ಲವೇ ಚಿರೇಕಲ್ಲಿನ ಗೋಡೆ, ಸಗಣಿ ಸಾರಿಸಿದ ನೆಲ, ಜಗಲಿ, ನಡುಮನೆ, ಕತ್ತಲೆಯ ದೇವರ ಕೋಣೆ, ಹಿಂದೆ ಬಚ್ಚಲು, ಪಕ್ಕದಲ್ಲಿ ಕೊಟ್ಟಿಗೆ, ಎದುರಿಗೆ ತುಳಸಿಕಟ್ಟೆ. ಇಷ್ಟೇ. ಮಾಡಿಗೆ ಅಡಿಕೆ ಸೋಗೆ, ತೆಂಗಿನ ಮಡಲು ಅಥವಾ ಹುಲ್ಲು. ಈ ಹೊದಿಕೆಯನ್ನು ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹೊದಿಸಲೇಬೇಕಿತ್ತು. ಅದು ಒಬ್ಬಿಬ್ಬರ ಕೆಲಸವೂ ಅಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕೆಂಪು ಹೆಂಚು ಕರಾವಳಿಯುದ್ದಕ್ಕೂ ಹರಡಿತು. ಆದರೂ ಬಡವರ ಮನೆಯ ಮೇಲೆ ಹೆಂಚು ಏರಲು ಇನ್ನೂ ಒಂದು ಶತಮಾನ ಬೇಕಾಯಿತು.

ಚೌತಿಯ ಸಿದ್ಧತೆ ಹಬ್ಬಕ್ಕೆ ಹಲವು ದಿನ ಮೊದಲೇ ಶುರುವಾಗುತ್ತದೆ. ಮನೆಯ ಮರದ ಮಣೆಯೊಂದನ್ನು ಗಣಪತಿ ಮಾಡುವವರ ಮನೆಗೆ ಮುಟ್ಟಿಸಿ ಬರುವುದು ವಾಡಿಕೆ. ಅವರು ಆ ಮಣೆಯ ಮೇಲೆಯೇ ಮಣ್ಣಿನ ಮೂರ್ತಿಯನ್ನು ಮಾಡಿ ಕೊಡುತ್ತಾರೆ. ಹಬ್ಬದ ದಿನ ಅಕ್ಕಿ, ತೆಂಗಿನಕಾಯಿ, ಕಾಣಿಕೆ ಕೊಟ್ಟು ಮೂರ್ತಿಯನ್ನು ಹೊತ್ತು ತರುತ್ತಾರೆ. ಗಣಪತಿ ನೀರಿಗೆ ಹೋಗುತ್ತಾನೆ, ಮಣೆ ಮನೆಗೆ ಮರಳುತ್ತದೆ. ಮುಂದಿನ ವರ್ಷ ಮತ್ತೆ ಅದೇ ಮಣೆ. ಮೂರ್ತಿ ವರ್ಷಕ್ಕೊಂದಾದರೂ ಮಣೆ ತಲೆಮಾರುಗಳದ್ದು.

ಮೂರ್ತಿಯ ಮೇಲೆ ಕಟ್ಟುವ ಫಲಾವಳಿಯದು ಇನ್ನೊಂದು ಕಥೆ. ಮರದ ಚೌಕಟ್ಟನ್ನು ಮಾಡಿಗೆ ತೂಗುಹಾಕಿ ಅದಕ್ಕೆ ತೆಂಗಿನಕಾಯಿ, ಅಡಿಕೆಗೊನೆ, ಮೊಗೆಕಾಯಿ, ಹೀರೆ, ಹಾಗಲ, ಅಮಟೆ, ಮಾದಲ, ಚಕ್ಕೋತ, ಬೆಟ್ಟದಿಂದ ತಂದ ಕಾಡುಹಣ್ಣು, ಕೆಂಪು ಹಳದಿ ಬಣ್ಣದ ಗೌರಿ ಹೂವು ಇವನ್ನೆಲ್ಲ ಕಟ್ಟುತ್ತಾರೆ. ಕಾರವಾರದ ಕಡೆಯಲ್ಲಿ, ಗೋವೆಯಲ್ಲಿ ಇದಕ್ಕೆ ಮಾಟೋಳಿ ಎಂಬ ಹೆಸರು. ಹಿತ್ತಲು, ತೋಟ, ಬೆಟ್ಟ ಮೂರೂ ಆ ಹೊತ್ತಿಗೆ ಕೊಟ್ಟದ್ದನ್ನು ತಂದು ದೇವರ ತಲೆಯ ಮೇಲೆ ತೂಗಿಬಿಡುವ ಕ್ರಮವಿದು. ಮಕ್ಕಳಿಗಂತೂ ಗಿಡಮರಗಳ ಹೆಸರು ಕಲಿಯುವ ಪಾಠಶಾಲೆ. ಹಿತ್ತಲಿಲ್ಲದ ಪೇಟೆಯವರು ಕುಮಟೆಯ ಸಂತೆಯಲ್ಲಿ ಹಾಲಕ್ಕಿ ಹೆಂಗಸರು ಹೊತ್ತು ತಂದ ಕಾಯಿಪಲ್ಲೆಗಳನ್ನು ಕೊಂಡು ಇದನ್ನು ಕಟ್ಟಬೇಕು. ಫ್ಲಾಟಿನ ತಾರಸಿಗೆ ಫಲಾವಳಿ ತೂಗಲು ಕೊಕ್ಕೆಯೂ ಇರುವುದಿಲ್ಲ. ಹಬ್ಬ ಮೂಲಮನೆಗೇ ಅಂಟಿಕೊಂಡಿರಲು ಇದೂ ಒಂದು ಕಾರಣ.

ಇನ್ನು ಅಡಿಗೆ. ಚಕ್ಕುಲಿ, ಕರ್ಜಿಕಾಯಿ, ಮೋದಕ, ಪಂಚಕಜ್ಜಾಯ, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು. ಕೈಯಲ್ಲೇ ಹಿಟ್ಟನ್ನು ಹೊಸೆದು ಸುತ್ತುವ ಚಕ್ಕುಲಿಗೆ ಹತ್ತು ಕೈ ಬೇಕು. ಶಿರಸಿ, ಸಿದ್ದಾಪುರದ ಹವ್ಯಕ ಮನೆಗಳಲ್ಲಿ ನೆರೆಹೊರೆಯವರೆಲ್ಲ ಸೇರಿ ಮಾಡುವ ಈ ಕೆಲಸಕ್ಕೆ ಚಕ್ಕುಲಿ ಕಂಬಳ ಎಂದೇ ಹೆಸರು. ಸೋಗೆ ಹೊದಿಸುವುದಿರಲಿ, ಫಲಾವಳಿ ಕಟ್ಟುವುದಿರಲಿ, ಚಕ್ಕುಲಿ ಸುತ್ತುವುದಿರಲಿ, ಒಂಟಿ ಸಂಸಾರಕ್ಕೆ ಎಟುಕುವ ಕೆಲಸಗಳಲ್ಲ. ಕೂಡು ಕುಟುಂಬ ಒಡೆದರೂ ಹಬ್ಬದ ಕೆಲಸ ಮಾತ್ರ ಕೂಡು ಕುಟುಂಬದ ಅಳತೆಯಲ್ಲೇ ಉಳಿಯಿತು.

ಪಾಲುಪಟ್ಟಿಗೆ ಸಿಗದ ದೇವರು

ಹಿಂದೂ ಧರ್ಮಶಾಸ್ತ್ರವೂ ಇದಕ್ಕೆ ಒತ್ತಾಸೆಯಾಗಿದೆ. ಕುಟುಂಬದ ಆಸ್ತಿಯನ್ನು ಪಾಲು ಮಾಡಬಹುದು, ಮನೆದೇವರನ್ನು ಮಾಡಲಾಗದು. ದೇವರು ಹಿರಿಯನ ಬಳಿ ಉಳಿಯಬೇಕು, ಇಲ್ಲವೇ ಪಾಲುದಾರರು ಸರದಿಯಂತೆ ಪೂಜೆ ನಡೆಸಬೇಕು. ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಈ ತತ್ವವನ್ನು ಒಪ್ಪಿದವು. ಹಳೆಯ ಪಾಲುಪಟ್ಟಿಗಳಲ್ಲಿ ದೇವಕಾರ್ಯದ ಖರ್ಚಿಗೆಂದು ತುಂಡು ಜಮೀನನ್ನು ಬೇರೆ ತೆಗೆದಿಡುವ ಪದ್ಧತಿ ಇತ್ತು. ‘ಈ ವರ್ಷದ ಚೌತಿ ಯಾರದ್ದು?’ ಎಂದು ಇಂದಿಗೂ ಕೇಳುವುದು ಈ ಸರದಿಯ ಲೆಕ್ಕದಲ್ಲೇ. ಹಬ್ಬ ಎಲ್ಲರದು, ಖರ್ಚು ಸರದಿಯವರದು.

ಇಂಥ ಮನೆಯೊಳಗಿನ ಹಬ್ಬಕ್ಕೆ ಲಿಖಿತ ಚರಿತ್ರೆ ಕಡಿಮೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರ ಅಕ್ಟೋಬರ್‌ನಲ್ಲಿ ಹೊನ್ನಾವರದಲ್ಲಿದ್ದ. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತುವ ಮುಂಚೆ, ಅಲ್ಲಿ ದೀಪಾವಳಿ ಬಂದುದನ್ನು ತನ್ನ ಪತ್ರದಲ್ಲಿ ದಾಖಲಿಸಿದ್ದಾನೆ. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇದೇ ಕರಾವಳಿಯಲ್ಲಿ ಸಾಗಿ ಭಟ್ಕಳ, ಹೊನ್ನಾವರ, ಕುಮಟೆಗಳ ಬೆಳೆ, ಜಾತಿ, ವ್ಯಾಪಾರಗಳನ್ನು ಬರೆದಿಟ್ಟ. ಆದರೆ ನಡುಮನೆಯ ಒಳಗೆ ಯಾರ ಸರದಿ, ಯಾರ ಮುನಿಸು ಎಂಬುದು ಪರದೇಶದ ಪ್ರವಾಸಿಗೆ ಎಲ್ಲಿ ಕಾಣಬೇಕು?

1893ರಲ್ಲಿ ಲೋಕಮಾನ್ಯ ತಿಲಕರು ಗಣಪತಿಯನ್ನು ಮನೆಯಿಂದ ಚಪ್ಪರಕ್ಕೆ ತಂದರು. ಆಗ ಉತ್ತರ ಕನ್ನಡವೂ ಮುಂಬೈ ಇಲಾಖೆಯಲ್ಲೇ ಇತ್ತು. ಸಾರ್ವಜನಿಕ ಗಣೇಶೋತ್ಸವ ಇಲ್ಲಿಗೂ ಬಂತು, ಬೆಳೆಯಿತು. ಆದರೆ ಮನೆಯ ಗಣಪತಿಯ ಜಾಗವನ್ನು ಅದು ಕಸಿದುಕೊಳ್ಳಲಿಲ್ಲ.

ಮುಂಬೈ ದಾರಿ, ಮಳೆಗಾಲದ ಹಬ್ಬ

1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬೈ ಇಲಾಖೆಗೆ ಸೇರಿಸಲಾಯಿತು. ಕುಮಟೆ ಆಗ ಹೆಸರಾಂತ ಬಂದರು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಇಲ್ಲಿಂದ ಹಡಗು ಹತ್ತುತ್ತಿದ್ದುದರಿಂದ ಇಂಗ್ಲೆಂಡಿನ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು ಬಿತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಈ ವ್ಯಾಪಾರ ಉತ್ತುಂಗಕ್ಕೇರಿತು. ಮುಂದೆ ರೈಲು ಮಾರ್ಮಗೋವೆ ಬಂದರಿನತ್ತ ತಿರುಗಿದಾಗ ಕುಮಟೆಯ ಧಕ್ಕೆ ಬಡವಾಯಿತು. ಸರಕು ಹೋದ ದಿಕ್ಕಿಗೆ ಜನರೂ ಹೋದರು. ಅಂಗಡಿ, ಹೋಟೆಲು, ಮುದ್ರಣಾಲಯ, ಬ್ಯಾಂಕು ಹೀಗೆ ಮುಂಬೈಯ ಕೆಲಸಗಳಿಗೆ ಇಲ್ಲಿನ ಹುಡುಗರು ಸೇರಿಕೊಂಡರು.

ಹೋದವರು ಊರಿನ ಹೆಸರನ್ನೂ ಒಯ್ದರು. ಭಟ್ಕಳ ತಾಲೂಕಿನ ಶಿರಾಲಿಯಲ್ಲಿ ಮಠವುಳ್ಳ ಚಿತ್ರಾಪುರ ಸಾರಸ್ವತರ ಅಡ್ಡಹೆಸರುಗಳನ್ನೇ ನೋಡಿ. ಭಟ್ಕಳ, ಹಳದೀಪುರ, ಕುಮಟಾ, ಗೇರುಸೊಪ್ಪೆ ಎಂದು ಊರುಗಳೇ ಸಾಲುಗಟ್ಟುತ್ತವೆ. ಮುಂಬೈಯ ಗಾಮದೇವಿಯಲ್ಲಿ 1915ರಲ್ಲಿ ಅವರು ಸಹಕಾರಿ ಗೃಹನಿರ್ಮಾಣ ಸಂಘ ಕಟ್ಟಿ ಒಟ್ಟಿಗೆ ವಾಸಿಸಲು ತೊಡಗಿದರು. ಅಲ್ಲಿಯೂ ಊರಿನ ಹೆಸರಿನಲ್ಲೇ ಒಬ್ಬರನ್ನೊಬ್ಬರು ಗುರುತಿಸಿದರು.

ಆದರೆ ಚೌತಿಗೆ ಊರಿಗೆ ಬರುವುದು ಸುಲಭವಿರಲಿಲ್ಲ. ಮುಂಬೈಯಿಂದ ಕರಾವಳಿಯ ಬಂದರುಗಳಿಗೆ ಉಗಿಹಡಗುಗಳು ಓಡಾಡುತ್ತಿದ್ದುದು ನಿಜ. ಅವು ಓಡುತ್ತಿದ್ದುದು ಮಾತ್ರ ಸಮುದ್ರ ಶಾಂತವಿದ್ದ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಹಡಗು ಬಂದ್. ಚೌತಿ ಬರುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ! ಹಾಗಾಗಿ ಹಬ್ಬಕ್ಕೆ ಬರುವವರು ರೈಲಿನಲ್ಲಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಅರಬೈಲು ಇಲ್ಲವೇ ದೇವಿಮನೆ ಘಟ್ಟವನ್ನು ಮಳೆಯಲ್ಲೇ ಇಳಿಯಬೇಕು. ಮುಂದೆ ಶರಾವತಿ, ಅಘನಾಶಿನಿಯಂಥ ತುಂಬಿದ ಹೊಳೆಗಳನ್ನು ತಾರಿ ದೋಣಿಯಲ್ಲಿ ದಾಟಬೇಕು. ಇಷ್ಟು ಕಷ್ಟಪಟ್ಟು ಬಂದವನಿಗೆ ಹಬ್ಬದ ಊಟ ಎಷ್ಟು ರುಚಿಸಿರಬೇಕು!

1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದುಕೊಂಡಾಗ ಈ ಕಷ್ಟ ಮುಗಿಯಿತು. ಹೊನ್ನಾವರದಲ್ಲಿ ಶರಾವತಿಗೆ ಕಟ್ಟಿದ 2 ಕಿಲೋಮೀಟರಿಗೂ ಉದ್ದದ ಸೇತುವೆ ಈ ಮಾರ್ಗದಲ್ಲೇ ಅತಿ ಉದ್ದವಾದದ್ದು. ಮುಂಬೈಯಲ್ಲಿ ಸಂಜೆ ಹೊರಟವರು ಮರುದಿನವೇ ಮೂಲಮನೆಯ ಅಂಗಳದಲ್ಲಿರುವಂತಾಯಿತು.

ಗುಡಿಸಲು ಸ್ವಂತವಾದದ್ದು

ಮೂಲಮನೆ ಎಂಬ ಮಾತಿಗೆ ಇನ್ನೊಂದು ಮುಖವಿದೆ. ಗೇಣಿದಾರರ ಜಿಲ್ಲೆಯೆನಿಸಿದ ಉತ್ತರ ಕನ್ನಡದಲ್ಲಿ ಎಷ್ಟೋ ಕುಟುಂಬಗಳಿಗೆ ‘ನಮ್ಮ ಮನೆ’ ಎನ್ನುವ ಹಕ್ಕೇ ಇರಲಿಲ್ಲ. ಗುಡಿಸಲು ಒಡೆಯರ ನೆಲದ ಮೇಲಿತ್ತು. ಒಡೆಯ ಬಿಡಿಸಿದರೆ ಗದ್ದೆಯೂ ಹೋಯಿತು, ಗಣಪತಿ ಕೂರುವ ಮೂಲೆಯೂ ಹೋಯಿತು. ದಿನಕರ ದೇಸಾಯಿಯವರು ಇಲ್ಲಿನ ರೈತರನ್ನು ಸಂಘಟಿಸಿ ಗೇಣಿಯ ಅನ್ಯಾಯದ ವಿರುದ್ಧ ನಿಲ್ಲಿಸಿದರು. ಅದಕ್ಕಾಗಿ ಬ್ರಿಟಿಷ್ ಸರ್ಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಆ ಹೋರಾಟದ ಫಲ ಕೈಗೆ ಬಂದದ್ದು ದೇವರಾಜ ಅರಸು ಸರ್ಕಾರದ ಭೂಸುಧಾರಣೆಯೊಂದಿಗೆ. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರದ ವಶವಾಗಿ, ಭೂನ್ಯಾಯ ಮಂಡಳಿಗೆ 7ನೇ ನಂಬರಿನ ಅರ್ಜಿ ಕೊಟ್ಟ ಗೇಣಿದಾರರು ಉಳುವ ನೆಲಕ್ಕೆ ಒಡೆಯರಾದರು. ಹೀಗೆ ನೋಡಿದರೆ ಈ ಭಾಗದ ಎಷ್ಟೋ ಮನೆಗಳು ‘ಮೂಲಮನೆ’ ಆಗಿ ಇನ್ನೂ ಅರ್ಧ ಶತಮಾನವಷ್ಟೇ ಆಗಿದೆ. ನೆಲ ಕಾಯಂ ಆದ ಮೇಲಲ್ಲವೇ ಮಾಡಿಗೆ ಹೆಂಚು ಏರುವುದು?

ಊರಿಗೆ ಮರಳುವ ಈ ಸೆಳೆತ ಒಂದು ಧರ್ಮದವರಿಗೆ ಸೀಮಿತವಲ್ಲ. ಚೌತಿಯ ಆಸುಪಾಸಿನಲ್ಲೇ, ಸೆಪ್ಟೆಂಬರ್ 8ರಂದು, ಕರಾವಳಿಯ ಕೊಂಕಣಿ ಕ್ರೈಸ್ತರು ಮೋಂತಿ ಹಬ್ಬಕ್ಕೆ ಹೊಸ ತೆನೆಯನ್ನು ಮನೆಗೆ ತಂದು ಮನೆಮಂದಿಯೆಲ್ಲ ಕೂಡಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ಭಟ್ಕಳದ ನವಾಯತರು ಈದ್‌ಗೆ ಊರಿನ ದಾರಿ ಹಿಡಿಯುತ್ತಾರೆ. ಮಾತು, ಪ್ರಾರ್ಥನೆ ಬೇರೆಯಾದರೂ ಅಜ್ಜಿಯ ಮನೆಯ ಚಾಪೆ ಒಂದೇ.

ಅತ್ತೆಯ ಪ್ರಶ್ನೆ

ಶರಾವತಿಯ ದಂಡೆಯಲ್ಲಿರುವ ನಮ್ಮ ಮೂಲಮನೆಯ ಹಿಂಗೋಡೆ ಕೆಲವು ವರ್ಷಗಳ ಹಿಂದಿನ ಮಳೆಗೆ ಕುಸಿಯಿತು. ಆ ಚೌತಿಯಲ್ಲಿ ಮಂಗಳಾರತಿ ಮುಗಿದು, ಊಟವಾಗಿ, ಎಲೆಯಡಿಕೆಯ ಹೊತ್ತಿಗೆ ಚರ್ಚೆ ಶುರುವಾಯಿತು. ಮನೆ ಕೆಡವಿ ತಾರಸಿ ಮನೆ ಕಟ್ಟೋಣವೆಂದು ಮುಂಬೈಯ ಚಿಕ್ಕಪ್ಪ ಹೇಳಿದರು. ಕಟ್ಟಿದರೆ ವರ್ಷವಿಡೀ ಇರುವವರು ಯಾರು, ಗಣಪತಿಯನ್ನೇ ಸರದಿಯವರ ಮನೆಗೆ ಒಯ್ಯೋಣವೆಂದು ದೊಡ್ಡಪ್ಪ ಅಂದರು. ಜಾಗದ ಹಕ್ಕು ಒಬ್ಬರ ಹೆಸರಿಗೆ ಬರಬೇಕು, ಅದಕ್ಕೆ ಎಲ್ಲರ ಸಹಿ ಬೇಕೆಂಬಲ್ಲಿಗೆ ಮಾತು ಬಂದಾಗ, ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೋದರತ್ತೆ ಕೇಳಿದರು: ‘ಸಹಿ ಹಾಕೂಕೆ ನಾನು ಬೇಕು, ಚೌತಿ ಸರದಿಗೆ ಮಾತ್ರ ಬೇಡ್ವಾ?’

ಜಗಲಿ ಸುಮ್ಮನಾಯಿತು. ಮೂವತ್ತೈದು ವರ್ಷ ಅತ್ತೆ ಗಂಡನ ಮನೆಯ ಹಬ್ಬದ ಕೆಲಸ ಮುಗಿಸಿ, ಸಂಜೆಯ ಬಸ್ಸು ಹಿಡಿದು ತವರಿಗೆ ಬಂದು ಪಾತ್ರೆ ತೊಳೆದವರು. ಹಬ್ಬದ ಚೀಟಿಯಲ್ಲಿ ಅವರ ಹೆಸರು ಎಂದೂ ಇರಲಿಲ್ಲ.

ಕಾನೂನು ಅತ್ತೆಯ ಪಕ್ಕದಲ್ಲಿದೆ. ಕರ್ನಾಟಕ 1994ರಲ್ಲೇ ಕಾಯ್ದೆ ತಿದ್ದಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟಿತು, ಮದುವೆಯಾಗಿದ್ದವರನ್ನು ಮಾತ್ರ ಹೊರಗಿಟ್ಟು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ತಂದೆ ಆಗ ಬದುಕಿದ್ದರೋ ಇಲ್ಲವೋ, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೂ ತವರಿನ ದಾರಿ ಮುಚ್ಚೀತೆಂಬ ಅಂಜಿಕೆಯಿಂದ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕುವ ಅಕ್ಕತಂಗಿಯರು ನಮ್ಮಲ್ಲಿ ಈಗಲೂ ಇದ್ದಾರೆ. ಅತ್ತೆ ಕೇಳಿದ್ದು ಗುಂಟೆ ಲೆಕ್ಕದ ಜಾಗವನ್ನಲ್ಲ. ಹಬ್ಬದ ಹೊಣೆಯಲ್ಲಿ ತನ್ನ ಪಾಲನ್ನು.

ಮನೆ ಕೆಡವಲಿಲ್ಲ. ಹಿಂಗೋಡೆಯನ್ನು ಚಿರೇಕಲ್ಲಿನಲ್ಲೇ ಮತ್ತೆ ಕಟ್ಟಿಸಿದೆವು. ಮಣೆಯ ಜೊತೆಗೇ ಇಡುವ ಹಳೆಯ ನೋಟುಪುಸ್ತಕದಲ್ಲಿ ಸರದಿಯವರ ಹೆಸರು ಮೂರಿದ್ದದ್ದು ನಾಲ್ಕಾಗಿದೆ. ಕಳೆದ ಚೌತಿ ಅತ್ತೆಯದು. ಮಾಡುವವರ ಮನೆಗೆ ಮಣೆ ಮುಟ್ಟಿಸಲು ಅವರು ಯಾರನ್ನೂ ಕಳಿಸಲಿಲ್ಲ. ಕೊಡೆ ಹಿಡಿದು, ಮಣೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗದ್ದೆಯ ಹಾಳಿಯ ಮೇಲೆ ತಾವೇ ನಡೆದು ಹೋದರು.